ಕೆಟಲೇಸ್ ಏರಿತೋ, ಇಳಿಯಿತೋ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಎಂಡೋಸಲ್ಫಾನ್ ಬಗ್ಗೆ ಬರೆಯುವಾಗ ಒಂದು ಸಾಲು ಸೇರಿಸಿದ್ದೆ. ಡಿಡಿಟಿ, ಬಿಎಚ್‌ಸಿ, ಎಂಡೋಸಲ್ಫಾನ್‌ನಂಥ ಆರ್ಗನೋಕ್ಲೋರಿನ್ ವಿಷಗಳು, ಅಂದರೆ ಕ್ಲೋರಿನ್ ಸೇರಿದ ಕೀಟನಾಶಕಗಳು, ಜೀವಕೋಶದೊಳಗಿನ ಆಂಟಿ ಆಕ್ಸಿಡೆಂಟ್ ಕಿಣ್ವಗಳನ್ನು ಏರುಪೇರು ಮಾಡುತ್ತವೆ ಅಂತ. ಅದೊಂದೇ ಸಾಲು ಹಿಡಿದು ಇಷ್ಟು ಜನ ಪತ್ರ ಬರೆಯುತ್ತಾರೆ ಅಂದುಕೊಂಡಿರಲಿಲ್ಲ. ಎಂ.ಎಸ್ಸಿ. ಹುಡುಗಿಯಿಂದ ಹಿಡಿದು ಬಾಣಂತಿಯ ತಾಯಿಯವರೆಗೆ ಎಲ್ಲರೂ ಬರೆದಿದ್ದಾರೆ. ಶಿವಮೊಗ್ಗದ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡಿ, ಈಗ ತೀರ್ಥಹಳ್ಳಿ ಕಡೆ ಅಡಿಕೆ ತೋಟ ನೋಡಿಕೊಂಡಿರುವವಳು ನಾನು. ಲ್ಯಾಬಿನ ಪ್ರಶ್ನೆಯೂ ತೋಟದ ಪ್ರಶ್ನೆಯೂ ಒಟ್ಟಿಗೇ ಬಂದರೆ ನನಗೆ ಖುಷಿಯೇ. ಈ ಸಲ ಪುಟವೆಲ್ಲ ಇದಕ್ಕೇ.

ಮೇಡಂ, ಗದ್ದೆ ಬಯಲಿನ ಕೆಳಗಿನ ಹಳ್ಳದ ಮೀನು, ಮೇಲಿನ ಹಳ್ಳದ ಮೀನು ಎರಡನ್ನೂ ತಂದು ಲಿವರ್‌ನಲ್ಲಿ ಎಸ್‌ಒಡಿ ಮತ್ತು ಕೆಟಲೇಸ್ ಎಂಬ ಎರಡು ಕಿಣ್ವ ಅಳೆದೆ. ಕೆಳಗಿನ ಮೀನಿನಲ್ಲಿ ಎಸ್‌ಒಡಿ ಏರಿದೆ, ಕೆಟಲೇಸ್ ಇಳಿದಿದೆ. ನಾನು ಓದಿದ ಒಂದು ಪೇಪರ್‌ನಲ್ಲಿ ಎರಡೂ ಏರಿವೆ, ಇನ್ನೊಂದರಲ್ಲಿ ಎರಡೂ ಇಳಿದಿವೆ. ಯಾವುದು ಸರಿ? ಆರ್ಗನೋಕ್ಲೋರಿನ್‌ನಿಂದಲೇ ಹೀಗಾಗಿದೆ ಅಂತ ಪ್ರಾಜೆಕ್ಟ್‌ನಲ್ಲಿ ಬರೆಯಬಹುದಾ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಶಂಕರಘಟ್ಟ

ಮೂರೂ ಸರಿ ಇರಬಹುದು. ಎರಡನೇ ಪ್ರಶ್ನೆಗೆ ಉತ್ತರ: ಸದ್ಯಕ್ಕೆ ಬರೆಯಬೇಡಿ.

ಉಳಿದ ಓದುಗರೂ ನಮ್ಮ ಜೊತೆ ಬರಲಿ, ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಾವು ಉಸಿರಾಡಿದ ಆಕ್ಸಿಜನ್‌ನಲ್ಲಿ ಬಹುಪಾಲು ಜೀವಕೋಶದೊಳಗೆ ಕೊನೆಗೆ ನೀರಾಗುತ್ತದೆ. ಸ್ವಲ್ಪ ಭಾಗ ಅರ್ಧದಾರಿಯಲ್ಲೇ ಸೂಪರ್‌ಆಕ್ಸೈಡ್ ಆಗಿ ತಪ್ಪಿಸಿಕೊಳ್ಳುತ್ತದೆ. ಅದನ್ನು ಹಿಡಿದು ಹೈಡ್ರೋಜನ್ ಪೆರಾಕ್ಸೈಡ್ ಮಾಡುವುದು ಎಸ್‌ಒಡಿ, ಅಂದರೆ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್. 1969ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೊವಿಚ್ ಈ ಕಿಣ್ವದ ಕೆಲಸ ಏನು ಅಂತ ತೋರಿಸಿಕೊಟ್ಟರು. ಪೆರಾಕ್ಸೈಡ್ ಕೂಡ ಪಾಪದ್ದೇನಲ್ಲ. ಕಬ್ಬಿಣದ ಅಂಶ ಸಿಕ್ಕರೆ ಅದು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗುತ್ತದೆ. ಅದು ಮುಟ್ಟಿದ್ದನ್ನೆಲ್ಲ ಹಾಳು ಮಾಡುತ್ತದೆ, ಜೀವಕೋಶದ ಪೊರೆಯ ಕೊಬ್ಬನ್ನಂತೂ ಮೊದಲು. ಹಾಗಾಗದಂತೆ ಪೆರಾಕ್ಸೈಡನ್ನು ನೀರು ಮತ್ತು ಆಕ್ಸಿಜನ್ ಮಾಡಿ ಮುಗಿಸುವುದು ಕೆಟಲೇಸ್. ಅದೇ ಕೆಲಸವನ್ನು ಗ್ಲುಟಾಥಯೋನ್ ಅನ್ನುವ, ಜೀವಕೋಶವೇ ಮಾಡಿಕೊಳ್ಳುವ ಸಣ್ಣ ಅಣುವನ್ನು ಖರ್ಚು ಮಾಡಿ ಮಾಡುವುದು ಗ್ಲುಟಾಥಯೋನ್ ಪೆರಾಕ್ಸಿಡೇಸ್. ಇದಕ್ಕೆ ಸೆಲೆನಿಯಂ ಬೇಕು.

ಕೆಟಲೇಸ್ ನೋಡಬೇಕು ಅಂದರೆ ಲ್ಯಾಬೇ ಬೇಕಿಲ್ಲ. ಮೆಡಿಕಲ್ ಶಾಪಿನಲ್ಲಿ ಗಾಯ ತೊಳೆಯುವ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ಸಿಗುತ್ತದೆ. ಹಸಿ ಆಲೂಗಡ್ಡೆ ಕೊಯ್ದು ಅದರ ಮೇಲೆ ನಾಲ್ಕು ಹನಿ ಬಿಡಿ. ತಕ್ಷಣ ಬಿಳಿ ನೊರೆ ಏಳುತ್ತದೆ. ಬೇಯಿಸಿದ ಆಲೂಗಡ್ಡೆ ಮೇಲೆ ಬಿಡಿ, ಏನೂ ಇಲ್ಲ. ಬಿಸಿಗೆ ಕಿಣ್ವ ಸತ್ತಿತು. ಮಾಂಸ ತಿನ್ನುವ ಮನೆಯವರು ಒಂದು ಚೂರು ಹಸಿ ಲಿವರ್ ಮೇಲೆ ಬಿಟ್ಟು ನೋಡಿ. ನೊರೆ ತಟ್ಟೆಯಿಂದ ಆಚೆ ಬರುತ್ತದೆ. ಲಿವರ್‌ನಲ್ಲಿ ಕೆಟಲೇಸ್ ಅಷ್ಟು ಜಾಸ್ತಿ.

ಈಗ ಆರ್ಗನೋಕ್ಲೋರಿನ್ ಕಥೆ. ಇವು ನೀರಿಗೆ ಕರಗುವುದಿಲ್ಲ, ಕೊಬ್ಬಿಗೆ ಕರಗುತ್ತವೆ. ಹಾಗಾಗಿ ಮೈಯ ನೆಣ, ಲಿವರ್, ಮಿದುಳು, ಜೀವಕೋಶದ ಪೊರೆ, ಎಲ್ಲಿ ಕೊಬ್ಬಿದೆಯೋ ಅಲ್ಲಿ ಕೂರುತ್ತವೆ. ಲಿವರ್ ಸುಮ್ನೆ ಇರುವುದಿಲ್ಲ. ಹೊರಗಿನ ವಸ್ತು ಒಡೆಯುವ ಸೈಟೋಕ್ರೋಮ್ ಪಿ450 ಕಿಣ್ವಗಳನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಆದರೆ ಕ್ಲೋರಿನ್ ತುಂಬಿದ ಅಣುವನ್ನು ಒಡೆಯುವುದು ಸುಲಭ ಅಲ್ಲ. ಪಿ450 ಆಕ್ಸಿಜನ್ ತೆಗೆದುಕೊಳ್ಳುತ್ತದೆ, ಕೆಲಸ ಮುಗಿಯುವುದಿಲ್ಲ, ಆಕ್ಸಿಜನ್ ಸೂಪರ್‌ಆಕ್ಸೈಡ್ ಆಗಿ ಸೋರುತ್ತದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಪೊರೆಯಲ್ಲಿ ವಿಷ ಸೇರಿಕೊಂಡರೆ ಅಲ್ಲಿಂದಲೂ ಸೋರಿಕೆ. ಜೊತೆಗೆ ವಿಷವನ್ನು ಕಟ್ಟಿ ಹೊರಗೆ ಹಾಕಲು ಗ್ಲುಟಾಥಯೋನ್ ಖರ್ಚಾಗುತ್ತದೆ. ಆ ಕಡೆ ಖರ್ಚಾದದ್ದು ಪೆರಾಕ್ಸೈಡ್ ತೆಗೆಯಲು ಸಿಗುವುದಿಲ್ಲ.

ಸೋರಿಕೆ ಸ್ವಲ್ಪ ಇದ್ದಾಗ ಜೀವಕೋಶಕ್ಕೆ ಗೊತ್ತಾಗುತ್ತದೆ. ಎನ್‌ಆರ್‌ಎಫ್2 ಅನ್ನುವ ಒಂದು ಪ್ರೋಟೀನ್ ಇದೆ. ಮಾಮೂಲಿಯಾಗಿ ಅದನ್ನು ಕೀಪ್1 ಅನ್ನುವ ಇನ್ನೊಂದು ಪ್ರೋಟೀನ್ ಹಿಡಿದಿಟ್ಟಿರುತ್ತದೆ. ರ‍್ಯಾಡಿಕಲ್ ಜಾಸ್ತಿಯಾದಾಗ ಹಿಡಿತ ಸಡಿಲಾಗುತ್ತದೆ. ಎನ್‌ಆರ್‌ಎಫ್2 ಕೋಶಕೇಂದ್ರಕ್ಕೆ ಹೋಗಿ ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಈ ಹಂತದಲ್ಲಿ ಅಳೆದವರಿಗೆ ಕಿಣ್ವಗಳು ಏರಿದ್ದು ಕಾಣುತ್ತದೆ. ಪ್ರಮಾಣ ಹೆಚ್ಚಿದರೆ, ಅಥವಾ ದಿನ ಕಳೆದರೆ, ಕಿಣ್ವದ ಪ್ರೋಟೀನ್‌ಗೇ ಏಟು ಬೀಳುತ್ತದೆ. ಆಗ ಅಳೆದವರಿಗೆ ಇಳಿದದ್ದು ಕಾಣುತ್ತದೆ. ಒಂದು ಪೇಪರ್‌ನವರು ಮೊದಲ ವಾರ ನೋಡಿದ್ದಾರೆ, ಇನ್ನೊಂದರವರು ತಿಂಗಳ ಮೇಲೆ ನೋಡಿದ್ದಾರೆ, ಅಷ್ಟೇ ವ್ಯತ್ಯಾಸ ಇರಬಹುದು. ಎಷ್ಟು ಕೊಟ್ಟರು, ಎಷ್ಟು ದಿನ ಕೊಟ್ಟರು, ಯಾವ ಅಂಗ ನೋಡಿದರು ಅನ್ನುವ ಮೂರನ್ನು ಬಿಟ್ಟು ಏರಿತು-ಇಳಿಯಿತು ಅನ್ನುವ ಮಾತಿಗೆ ಅರ್ಥವೇ ಇಲ್ಲ.

ನಿಮ್ಮ ಲೆಕ್ಕ ನನಗೆ ಇಷ್ಟವಾಗಿದ್ದು ಇದಕ್ಕೇ. ಎಸ್‌ಒಡಿ ಮೇಲೆ, ಕೆಟಲೇಸ್ ಕೆಳಗೆ. ಅಡಿಕೆ ಸುಗ್ಗಿ ನೆನಪಿಸಿಕೊಳ್ಳಿ. ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುವವರು ಇಪ್ಪತ್ತು ಜನ ಬಂದರು, ಬೇಯಿಸುವ ಹಂಡೆ ಮಾತ್ರ ತೂತಾಯಿತು. ಸುಲಿದ ಅಡಿಕೆ ಜಗಲಿ ತುಂಬ ರಾಶಿ ಬಿದ್ದು ಬೂಸ್ಟು ಹಿಡಿಯುತ್ತದೆ. ಹಾಗೇ ಎಸ್‌ಒಡಿ ಚುರುಕಾಗಿ ಪೆರಾಕ್ಸೈಡ್ ಮಾಡಿಟ್ಟಿತು, ಅದನ್ನು ಮುಗಿಸುವವರಿಲ್ಲ. ಅಂದರೆ ಎಸ್‌ಒಡಿ ಏರಿದ್ದು ಇಲ್ಲಿ ಒಳ್ಳೆಯ ಸುದ್ದಿಯಲ್ಲ. ಇನ್ನೂ ಒಂದು ಮಾತು. ಸೂಪರ್‌ಆಕ್ಸೈಡ್ ಜಾಸ್ತಿಯಾದರೆ ಕೆಟಲೇಸ್‌ನ ಕೆಲಸ ಕುಂದುತ್ತದೆ. ಪೆರಾಕ್ಸೈಡ್ ಜಾಸ್ತಿಯಾದರೆ ತಾಮ್ರ-ಸತುವಿನ ಎಸ್‌ಒಡಿ ಹಾಳಾಗುತ್ತದೆ. ಒಂದನ್ನು ಕಾಯುವುದು ಇನ್ನೊಂದು. ಒಂದು ಸೋತರೆ ಎರಡನೆಯದು ಜಾಸ್ತಿ ದಿನ ನಿಲ್ಲುವುದಿಲ್ಲ. ನೀವು ನೋಡಿದ್ದು ಆ ನಡುವಿನ ಹಂತ ಇರಬಹುದು.

ಇರಬಹುದು ಅಂದೆ, ಇದೆ ಅನ್ನಲಿಲ್ಲ. ಮೊದಲು ಲ್ಯಾಬಿನ ಕಡೆ ನೋಡಿ. ಲಿವರ್ ತೆಗೆದಾಗ ರಕ್ತ ಪೂರ್ತಿ ತೊಳೆದು ಹೋಗಿತ್ತಾ? ಕೆಂಪು ರಕ್ತಕಣದಲ್ಲಿ ಕೆಟಲೇಸ್ ತುಂಬಾ ಇದೆ. ಮೇಲಿನ ಹಳ್ಳದ ಮೀನಿನ ಲಿವರ್‌ನಲ್ಲಿ ರಕ್ತ ಉಳಿದು, ಕೆಳಗಿನದ್ದು ಚೆನ್ನಾಗಿ ತೊಳೆದಿದ್ದರೆ, ಕೆಟಲೇಸ್ ಇಳಿದ ಹಾಗೆ ಕಾಣುತ್ತದೆ. ಮೀನಿಗೆ ಏನೂ ಆಗಿರುವುದಿಲ್ಲ. ಎರಡನೆಯದು ಐಸ್. ಭದ್ರಾವತಿ ಮಾರ್ಕೆಟ್‌ನಲ್ಲಿ ಐಸ್ ತೆಗೆದುಕೊಂಡು ಬಸ್ಸಿನಲ್ಲಿ ಬರುವಷ್ಟರಲ್ಲಿ ಅದು ಅರ್ಧ ನೀರಾಗಿರುತ್ತದೆ ಅಂತ ನನ್ನ ವಿದ್ಯಾರ್ಥಿಗಳು ಗೋಳಾಡುತ್ತಿದ್ದರು. ಮಳೆಗಾಲದಲ್ಲಿ ಕರೆಂಟ್ ಹೋಗಿ ಡೀಪ್ ಫ್ರೀಜರ್ ಕರಗಿ ಮತ್ತೆ ಗಟ್ಟಿಯಾದರೆ ಕೆಟಲೇಸ್ ಬೇಗ ಕೆಡುತ್ತದೆ. ಎಸ್‌ಒಡಿ ಗಟ್ಟಿ ಪಿಂಡ, ತಡೆದುಕೊಳ್ಳುತ್ತದೆ. ಆಗಲೂ ನಿಮಗೆ ಬಂದಂಥದ್ದೇ ಉತ್ತರ ಬರುತ್ತದೆ! ಎರಡೂ ಗುಂಪಿನ ಸ್ಯಾಂಪಲ್ ಒಂದೇ ದಿನ, ಒಂದೇ ಡಬ್ಬಿಯಲ್ಲಿ, ಒಂದೇ ಥರ ಬಂದಿದ್ದರೆ ಮಾತ್ರ ನಂಬಿ. ಒಂದು ಮಿಲಿಗ್ರಾಂ ಪ್ರೋಟೀನ್‌ಗೆ ಎಷ್ಟು ಅಂತ ಲೆಕ್ಕ ಹಾಕಿ, ಅಂಗದ ತೂಕಕ್ಕೆ ಹಾಕಬೇಡಿ. ಗಂಡು ಮೀನು, ಹೆಣ್ಣು ಮೀನು ಬೇರೆ ಇಡಿ. ಮೊಟ್ಟೆ ಬಲಿಯುವ ಕಾಲದಲ್ಲಿ ಹೆಣ್ಣು ಮೀನಿನ ಲಿವರ್ ಲೆಕ್ಕವೇ ಬೇರೆ.

ಜೊತೆಗೆ ಕೊಬ್ಬು ಹಾಳಾದದ್ದನ್ನೂ ಅಳೆಯಿರಿ. ಥಯೋಬಾರ್ಬಿಟ್ಯೂರಿಕ್ ಆಸಿಡ್ ಹಾಕಿ ಕುದಿಸಿದರೆ ಗುಲಾಬಿ ಬಣ್ಣ ಬರುತ್ತದಲ್ಲ, 532 ನ್ಯಾನೋಮೀಟರ್‌ನಲ್ಲಿ ಓದುವುದು, ಅದು. ಕಿಣ್ವ ಏರಿ ಗುಲಾಬಿ ಬಣ್ಣ ಮಾಮೂಲಿ ಇದ್ದರೆ ಮೀನು ನಿಭಾಯಿಸುತ್ತಿದೆ. ಕಿಣ್ವ ಇಳಿದು ಗುಲಾಬಿ ಗಾಢವಾದರೆ ಸೋಲುತ್ತಿದೆ. ಕಿಣ್ವವೊಂದನ್ನೇ ಹಿಡಿದು ತೀರ್ಮಾನ ಕೊಡುವುದು ಬೇಡ. ಜಪಾನಿನ ತಕಹಾರ ಎಂಬ ವೈದ್ಯರು 1940ರ ದಶಕದಲ್ಲಿ ಒಬ್ಬ ಹುಡುಗಿಯ ಬಾಯಿಯ ಗಾಯಕ್ಕೆ ಪೆರಾಕ್ಸೈಡ್ ಹಾಕಿದರು. ನೊರೆ ಬರಲಿಲ್ಲ, ರಕ್ತ ಕಪ್ಪಾಯಿತು. ಅವಳಿಗೆ ಹುಟ್ಟಿನಿಂದಲೇ ಕೆಟಲೇಸ್ ಇರಲಿಲ್ಲ. ಅಂಥ ಜನರಲ್ಲಿ ಕೆಲವರಿಗೆ ಒಸಡು ಕೊಳೆಯುತ್ತದೆ. ಇನ್ನು ಕೆಲವರು ಏನೂ ಗೊತ್ತಾಗದೇ ಬದುಕುತ್ತಾರೆ. ಬೇರೆ ಕಿಣ್ವಗಳು ಹೇಗೋ ಕೆಲಸ ತೂಗಿಸುತ್ತವೆ.

ಕೊನೆಗೆ ಕಳ್ಳ ಯಾರು ಅನ್ನುವ ಪ್ರಶ್ನೆ. ಇವತ್ತು ಗದ್ದೆಗೆ ಬೀಳುವ ಔಷಧಿಗಳಲ್ಲಿ ಹೆಚ್ಚಿನವು ಆರ್ಗನೋಕ್ಲೋರಿನ್ ಅಲ್ಲವೇ ಅಲ್ಲ. ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್, ಕಳೆನಾಶಕ ಯಾವುದು ಬಿದ್ದರೂ ಕೆಟಲೇಸ್ ಅಲುಗಾಡುತ್ತದೆ. ನೀರಿನಲ್ಲಿ ಆಕ್ಸಿಜನ್ ಕಡಿಮೆಯಾದರೂ ಅಲುಗಾಡುತ್ತದೆ. ಏಟು ಬಿತ್ತು ಅಂತ ಕಿಣ್ವ ಹೇಳುತ್ತದೆ, ಹೊಡೆದವರ ಹೆಸರು ಹೇಳುವುದಿಲ್ಲ. ಆರ್ಗನೋಕ್ಲೋರಿನ್ ಅನ್ನಬೇಕಾದರೆ ಮೀನಿನ ಕೊಬ್ಬು ತೆಗೆದು, ಬೆರೆತ ವಸ್ತುಗಳನ್ನು ಬೇರೆ ಬೇರೆ ಮಾಡಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಾಫ್‌ನಲ್ಲಿ ಹಾಕಿಸಿ. ಅದಕ್ಕೆ ಕ್ಲೋರಿನ್ ಇರುವ ವಸ್ತುವನ್ನು ಚೂರೇ ಇದ್ದರೂ ಹಿಡಿಯುವ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್ ಇರಬೇಕು. ಜೇಮ್ಸ್ ಲವ್‌ಲಾಕ್ 1950ರ ದಶಕದಲ್ಲಿ ಮಾಡಿದ ಆ ಪುಟ್ಟ ಸಾಧನ ಬಂದ ಮೇಲೇ ಜಗತ್ತಿನ ಮೂಲೆಮೂಲೆಯಲ್ಲಿ ಡಿಡಿಟಿ ಇದೆ ಅಂತ ಪತ್ತೆಯಾಗಿದ್ದು. ಲ್ಯಾಬಿನಲ್ಲಿ ಅದು ಇಲ್ಲದಿದ್ದರೆ ಪ್ರಾಜೆಕ್ಟಿನ ಹೆಸರನ್ನೇ ಬದಲಿಸಿ. 'ಗದ್ದೆ ಬಯಲಿನ ನೀರು ಮತ್ತು ಮೀನಿನ ಕಿಣ್ವಗಳು' ಅಂತ ಇಟ್ಟರೆ ವೈವಾದಲ್ಲಿ ಯಾರೂ ಕಾಲು ಎಳೆಯುವುದಿಲ್ಲ.

ಅಮ್ಮಾ, ಅಪ್ಪಯ್ಯನ ಕಾಲದ ಒಂದು ಡಬ್ಬಿ ಬಿಎಚ್‌ಸಿ ಪುಡಿ ಅಟ್ಟದಲ್ಲಿ ಸಿಕ್ಕಿದೆ. ಗೆದ್ದಲಿಗೆ ಹಾಕಿ ಮುಗಿಸಲಾ, ಸುಡಲಾ? ಹಿತ್ತಲಿಗೆ ಆಗ ತುಂಬಾ ಹಾಕುತ್ತಿದ್ದರು. ಅಲ್ಲಿ ಈಗ ತರಕಾರಿ ಬೆಳೆಯುತ್ತೇವೆ.
– ಅಡಿಕೆ ಬೆಳೆಗಾರರು, ಹೊಸನಗರ ತಾಲ್ಲೂಕು

ಮಾರಾಯ್ರೆ, ಎರಡೂ ಬೇಡ. ಸುಡುವುದಂತೂ ಬೇಡವೇ ಬೇಡ. ಕ್ಲೋರಿನ್ ಇರುವ ಇಂಥ ವಿಷ ಪೂರ್ತಿ ನಾಶವಾಗಬೇಕಾದರೆ 1100 ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ಅದಕ್ಕೆಂದೇ ಕಟ್ಟಿದ ಕುಲುಮೆ ಬೇಕು. ನಮ್ಮ ಬಚ್ಚಲ ಒಲೆಯಲ್ಲಿ ಹಾಕಿದರೆ ಡಯಾಕ್ಸಿನ್‌ನಂಥ ಇನ್ನೂ ಕೆಟ್ಟ ವಸ್ತು ಹುಟ್ಟುತ್ತದೆ. ಹುಗಿಯಬೇಡಿ, ಹಳ್ಳಕ್ಕೆ ಹಾಕಬೇಡಿ. ಕೈಗೆ ಗ್ಲೌಸ್, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಡಬ್ಬಿಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಿ. ಮೇಲೆ 'ವಿಷ, ಬಿಎಚ್‌ಸಿ' ಅಂತ ದೊಡ್ಡದಾಗಿ ಬರೆಯಿರಿ. ಮಕ್ಕಳ ಕೈಗೆ, ದನದ ಬಾಯಿಗೆ ಸಿಗದ ಕಡೆ ಬೀಗ ಹಾಕಿಡಿ. ರೈತ ಸಂಪರ್ಕ ಕೇಂದ್ರಕ್ಕೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರವಣಿಗೆಯಲ್ಲಿ ತಿಳಿಸಿ. ಬಾಯಲ್ಲಿ ಹೇಳಿದರೆ "ನೋಡೋಣ" ಅಂತಾರೆ, ಬರೆದು ಕೊಟ್ಟರೆ ಒಂದು ನಂಬರ್ ಬೀಳುತ್ತದೆ.

ಬಿಎಚ್‌ಸಿ ಬಗ್ಗೆ ಒಂದು ಸಂಗತಿ ಹೇಳಬೇಕು. ಆ ಪುಡಿಯಲ್ಲಿ ಹುಳ ಕೊಲ್ಲುವ ಭಾಗ ಗಾಮಾ, ಅಂದರೆ ಲಿಂಡೇನ್. ಅದು ನೂರಕ್ಕೆ ಸುಮಾರು 10ರಿಂದ 15 ಪಾಲು ಮಾತ್ರ. ಉಳಿದದ್ದೆಲ್ಲ ಹೆಚ್ಚುಕಡಿಮೆ ಕೆಲಸಕ್ಕೆ ಬಾರದ ಆಲ್ಫಾ, ಬೀಟಾ ಇತ್ಯಾದಿ, ಅದೇ ಅಣುವಿನ ಬೇರೆ ರೂಪಗಳು. ನಾವು ದುಡ್ಡು ಕೊಟ್ಟು ಮಣ್ಣಿಗೆ ಸುರಿದದ್ದರಲ್ಲಿ ಬಹುಪಾಲು ಕಸವೇ! ಆ ಬೀಟಾ ಇದೆಯಲ್ಲ, ಅದೇ ಎಲ್ಲಕ್ಕಿಂತ ಹಟಮಾರಿ. ಮನುಷ್ಯರ ಮೈಯಲ್ಲಿ ಅರ್ಧಕ್ಕೆ ಇಳಿಯಲು ಅದಕ್ಕೆ ಸುಮಾರು ಏಳು ವರ್ಷ ಬೇಕು. ನಮ್ಮ ದೇಶದಲ್ಲಿ ಬಿಎಚ್‌ಸಿ ನಿಂತಿದ್ದು 1997ರಲ್ಲಿ. ಲಿಂಡೇನ್ ಬಳಕೆಗೆ 2013ರಿಂದ ನಿಷೇಧ.

ಹಿತ್ತಲಿನ ವಿಷಯ. ಇಷ್ಟು ವರ್ಷದ ನಮ್ಮ ಮಳೆ, ಮಣ್ಣಿನ ಸೂಕ್ಷ್ಮಾಣು ಎಲ್ಲ ಸೇರಿ ಬಹಳಷ್ಟು ಕರಗಿಸಿರುತ್ತವೆ. ಆದರೂ ಹೆಚ್ಚು ಸುರಿದ ಆ ಮೂಲೆಯಲ್ಲಿ ಸಿಹಿಗುಂಬಳ, ಸೌತೆ ಹಾಕಬೇಡಿ. ಈ ಜಾತಿಯ ಬಳ್ಳಿಗಳು ಹಳೆಯ ಆರ್ಗನೋಕ್ಲೋರಿನ್ ಉಳಿಕೆಯನ್ನು ಬೇರಿನಿಂದ ಎಳೆದು ಕಾಯಿಗೆ ಸೇರಿಸುವುದರಲ್ಲಿ ಬೇರೆ ತರಕಾರಿಗಿಂತ ಮುಂದೆ. ಅಲ್ಲಿ ದಾಸವಾಳ, ಡೇರೆ ಹೂವು ನೆಡಿ. ಸೌತೆಬಳ್ಳಿಗೆ ಬೇರೆ ಜಾಗ ಮಾಡಿ.

ನಮ್ಮ ತಂದೆ ಕಾಫಿ ತೋಟದಲ್ಲಿ ಬಿಳಿ ಕಾಂಡಕೊರಕಕ್ಕೆ ಲಿಂಡೇನ್ ಸವರುವ ಕೆಲಸ ಬಹಳ ವರ್ಷ ಮಾಡಿದ್ದಾರೆ. ಗ್ಲೌಸ್ ಇರಲಿಲ್ಲ, ಬಟ್ಟೆ ಅದ್ದಿ ಕೈಯಲ್ಲೇ ಸವರುತ್ತಿದ್ದರು. ಈಗ ರಕ್ತದಲ್ಲಿ ಆಂಟಿ ಆಕ್ಸಿಡೆಂಟ್ ಕಿಣ್ವ ಟೆಸ್ಟ್ ಮಾಡಿಸಿದರೆ ಹಾನಿ ಗೊತ್ತಾಗುತ್ತದಾ?
– ಕೊಪ್ಪ

ಗೊತ್ತಾಗುವುದಿಲ್ಲ. ನೂರಾರು ಜನರ ರಕ್ತ ತೆಗೆದು ಒಂದು ಗುಂಪನ್ನು ಇನ್ನೊಂದಕ್ಕೆ ಹೋಲಿಸಿ ನೋಡುವಾಗ ಈ ಕಿಣ್ವಗಳು ಉಪಯೋಗಕ್ಕೆ ಬರುತ್ತವೆ. ಒಬ್ಬರ ರಕ್ತದಲ್ಲಿ ಎಸ್‌ಒಡಿ ಇಷ್ಟಿದೆ ಅಂತ ಬಂದರೆ ಅದರಿಂದ ಏನೂ ಹೇಳಲು ಆಗುವುದಿಲ್ಲ. ಬೀಡಿ ಸೇದಿದರೆ, ಸಕ್ಕರೆ ಕಾಯಿಲೆ ಇದ್ದರೆ, ಹಿಂದಿನ ವಾರ ಜ್ವರ ಬಂದಿದ್ದರೆ, ವಯಸ್ಸಾದರೆ, ಎಲ್ಲದಕ್ಕೂ ಅದು ಬದಲಾಗುತ್ತದೆ. ದುಡ್ಡು ದಂಡ.

ಸ್ವಲ್ಪ ಸಮಾಧಾನದ ಮಾತೂ ಇದೆ. ಲಿಂಡೇನ್ ತನ್ನ ಅಣ್ಣ ಬೀಟಾನಷ್ಟು ಮೈಯಲ್ಲಿ ಕೂರುವುದಿಲ್ಲ. ಕೆಲಸ ಬಿಟ್ಟ ಮೇಲೆ ಹೊರಗೆ ಹೋಗುತ್ತದೆ. ಅದರ ದೊಡ್ಡ ಏಟು ನರಕ್ಕೆ. ಮಿದುಳಿನಲ್ಲಿ ನರಗಳನ್ನು ಶಾಂತವಾಗಿಡುವ ಗಾಬಾ ಅನ್ನುವ ವ್ಯವಸ್ಥೆಗೆ ಅದು ಅಡ್ಡ ನಿಲ್ಲುತ್ತದೆ, ಹಾಗಾಗಿ ಜಾಸ್ತಿಯಾದರೆ ಫಿಟ್ಸ್. ಎಂಡೋಸಲ್ಫಾನ್ ದಾರಿಯೂ ಅದೇ. ಇಲಿಯ ಮಿದುಳಿನಲ್ಲಿ ಕಾಣುವ ರ‍್ಯಾಡಿಕಲ್ ಹಾನಿಯಲ್ಲಿ ಒಂದು ಪಾಲು ಫಿಟ್ಸ್‌ನಿಂದ ಆದದ್ದು. ವಿಷ ನೇರವಾಗಿ ಮಾಡಿದ್ದೇ ಎಲ್ಲವೂ ಅಲ್ಲ. ಮಿದುಳಿನಲ್ಲಿ ಕೊಬ್ಬು ಜಾಸ್ತಿ, ಕೆಟಲೇಸ್ ಕಡಿಮೆ, ಅದಕ್ಕೇ ಅದು ಬೇಗ ಸೋಲುತ್ತದೆ. ಇದೇ ಲಿಂಡೇನ್ ಒಂದು ಕಾಲಕ್ಕೆ ಕಜ್ಜಿಗೂ ಹೇನಿಗೂ ಮೆಡಿಕಲ್ ಶಾಪಿನಲ್ಲಿ ಲೋಷನ್ ಆಗಿ ಸಿಗುತ್ತಿತ್ತು. ನಮ್ಮಲ್ಲಿ ಎಷ್ಟೋ ಮಕ್ಕಳ ತಲೆಗೆ ಬಿದ್ದಿದೆ.

ತಂದೆಯವರಿಗೆ ಮಾಡಿಸಬೇಕಾದದ್ದು ಮಾಮೂಲಿ ಲಿವರ್ ಟೆಸ್ಟ್, ಕಿಡ್ನಿ ಟೆಸ್ಟ್, ಬಿಪಿ, ಸಕ್ಕರೆ. ಕೈಕಾಲು ನಡುಕ, ಮರೆವು, ಫಿಟ್ಸ್ ಏನಾದರೂ ಇದ್ದರೆ ನರರೋಗದ ಡಾಕ್ಟರ ಹತ್ತಿರ "ಲಿಂಡೇನ್ ಸವರುತ್ತಿದ್ದರು" ಅಂತ ಮರೆಯದೇ ಹೇಳಿ. ನೀವಾಗಿ ಹೇಳದಿದ್ದರೆ ಅವರು ಕೇಳುವುದಿಲ್ಲ.

ಹಂದಿಗೋಡು ಕಾಯಿಲೆ ಗದ್ದೆಗೆ ಹೊಡೆದ ವಿಷದಿಂದ ಬಂತು, ಗದ್ದೆಯ ಏಡಿ ತಿಂದವರಿಗೆ ಬಂತು ಅಂತ ಕೇಳಿದ್ದೇನೆ. ಇದೂ ಕಿಣ್ವ ಹಾಳಾಗಿ ಬಂದದ್ದಾ?
– ಶಿಕ್ಷಕರು, ಸಾಗರ

ನಿಮ್ಮ ತಾಲ್ಲೂಕಿನದೇ ವಿಷಯ, ಕೇಳಿದ್ದು ಒಳ್ಳೆಯದಾಯಿತು. 1970ರ ದಶಕದ ಮಧ್ಯದಲ್ಲಿ ಹಂದಿಗೋಡಿನಲ್ಲಿ ಸೊಂಟ, ಮಂಡಿ ನೋವಿನಿಂದ ನಡೆಯಲಾರದೇ ಹೋದವರ ಸಂಗತಿ ಹೊರಗೆ ಬಂದಾಗ ಮೊದಲ ಅನುಮಾನ ಹೋಗಿದ್ದೇ ಕೀಟನಾಶಕದ ಮೇಲೆ. ಹೊಸ ತಳಿ ಭತ್ತ, ಹೊಸ ಔಷಧಿ ಬಂದ ಕಾಲ ಅದು. ಗದ್ದೆಯ ಏಡಿ ಹಿಡಿದು ತಿನ್ನುವ ಬಡ ದಲಿತ ಕುಟುಂಬಗಳಲ್ಲೇ ಕಾಯಿಲೆ ಕಂಡಿದ್ದರಿಂದ ಅನುಮಾನ ಗಟ್ಟಿಯಾಯಿತು.

ಆಮೇಲೆ ವೈದ್ಯಕೀಯ ಸಂಶೋಧನಾ ಮಂಡಳಿಯವರು ಕುಟುಂಬಗಳ ವಂಶವೃಕ್ಷ ಬರೆದು, ಎಕ್ಸ್‌ರೇ ತೆಗೆದು ನೋಡಿದಾಗ ಬೇರೆ ಚಿತ್ರ ಬಂತು. ಮೂಳೆ, ಕೀಲು ಬೆಳೆಯುವ ರೀತಿಯಲ್ಲೇ ದೋಷ. ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೆ ಸಾಕು, ಮಕ್ಕಳಿಗೆ ಬರಬಹುದಾದ ಆನುವಂಶಿಕ ತೊಂದರೆ. ಆಂಟಿ ಆಕ್ಸಿಡೆಂಟ್ ಕಿಣ್ವಕ್ಕೂ ಇದಕ್ಕೂ ನಂಟು ಕಟ್ಟುವುದು ಬೇಡ. ವಿಷದ ಮೇಲೆ ಅನುಮಾನ ಪಟ್ಟದ್ದು ತಪ್ಪಲ್ಲ, ಆಗ ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ಏಡಿ ತಿಂದಿದ್ದಕ್ಕೆ ಹೀಗಾಯಿತು ಅಂತ ಆ ಮನೆಗಳವರ ಮೇಲೇ ತಪ್ಪು ಹೊರಿಸುವ ಮಾತು ಇವತ್ತಿಗೂ ಕಿವಿಗೆ ಬೀಳುತ್ತದಲ್ಲ, ಅದನ್ನು ನಿಮ್ಮ ಕ್ಲಾಸಿನಲ್ಲಾದರೂ ನಿಲ್ಲಿಸಿ.

ಮಂಗನ ಕಾಯಿಲೆ ಕಾಲದಲ್ಲಿ ಮಂಗ ಸತ್ತ ಕಡೆ ಹಾಕುವ ಬಿಳಿ ಪುಡಿಯೂ ಡಿಡಿಟಿ ಜಾತಿಯದ್ದೇ ಅಲ್ವಾ? ಮೊದಲು ಮನೆಗೆ ಡಿಡಿಟಿ ಹೊಡೆಯುತ್ತಿದ್ದರು. ಎರಡೂ ಒಂದೇ ವಾಸನೆ ಅನಿಸುತ್ತದೆ.
– ಸೊರಬ

ಅಲ್ಲ. ಮಂಗ ಸತ್ತ ಜಾಗದ ಸುತ್ತ 50 ಅಡಿವರೆಗೆ ಉಣುಗು ಸಾಯಲಿ ಅಂತ ಹಾಕುವುದು ಮಲಾಥಿಯಾನ್. ಅದು ರಂಜಕದ ಜಾತಿ. ಕೆಲವು ದಿನ, ಹೆಚ್ಚೆಂದರೆ ಕೆಲವು ವಾರದಲ್ಲಿ ಒಡೆದು ಹೋಗುತ್ತದೆ. ಹಾಗಂತ ಬರಿಗೈಲಿ ಮುಟ್ಟಬೇಡಿ.

ಡಿಡಿಟಿ ಹೊಡೆದ ಗೋಡೆ ನನಗೂ ಚೆನ್ನಾಗಿ ನೆನಪಿದೆ. ಮಣ್ಣಿನ ಗೋಡೆ ಮೇಲೆ ಬಿಳಿ ಬಿಳಿ ಕಲೆ, ಬಾಗಿಲ ಮೇಲೆ ಮಲೇರಿಯಾದವರು ಬರೆದು ಹೋದ ತಾರೀಕು. ಬೈಯುವವರು ಒಂದು ಲೆಕ್ಕ ನೋಡಿ ಬೈಯಿರಿ. 1947ರ ಸುಮಾರಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ, ಎಂಟು ಲಕ್ಷ ಸಾವು ಅನ್ನುವ ಅಂದಾಜಿತ್ತು. 1965ರಲ್ಲಿ ಕೇಸು ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ನಮ್ಮ ಮಲೆನಾಡಿನ ಹಳ್ಳದಲ್ಲಿ ಹುಟ್ಟುವ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆ ಡಿಡಿಟಿಗೆ ಬೇಗ ಬಗ್ಗಿತು. ಊರುಗಳಲ್ಲಿ ಜನ ನಿಂತದ್ದು ಆಮೇಲೆ. ಬೇರೆ ಕೆಲವು ಸೊಳ್ಳೆಗಳು ಬಗ್ಗಲಿಲ್ಲ, ಅದರಲ್ಲಿ ಒಂದು ತಮಾಷೆ ಇದೆ. ನಮ್ಮ ಲಿವರ್‌ನಲ್ಲಿ ವಿಷ ಕಟ್ಟಿ ಹಾಕುವ ಗ್ಲುಟಾಥಯೋನ್ ಟ್ರಾನ್ಸ್‌ಫರೇಸ್ ಸೊಳ್ಳೆಯಲ್ಲೂ ಇದೆ. ಆ ಕಿಣ್ವ ಜಾಸ್ತಿ ಇದ್ದ ಸೊಳ್ಳೆಗಳು ಡಿಡಿಟಿಯಿಂದ ಒಂದು ಕ್ಲೋರಿನ್ ಕಿತ್ತು ಡಿಡಿಇ ಮಾಡಿಬಿಟ್ಟವು. ಸೊಳ್ಳೆಗೆ ಅದರಿಂದ ಏನೂ ಆಗುವುದಿಲ್ಲ. ನಮಗೆ ಆ ಡಿಡಿಇಯೇ ವರ್ಷಗಟ್ಟಲೆ ಮೈಯಲ್ಲಿ ಉಳಿಯುವ ಪೀಡೆ.

ಆಂಟಿ ಆಕ್ಸಿಡೆಂಟ್ ಕ್ಯಾಪ್ಸೂಲ್ ತಿಂದರೆ, ಅಥವಾ ದಿನಾ ಮುರುಗಲು ಪಾನಕ ಕುಡಿದರೆ ಈ ವಿಷ ಇಳಿಯುತ್ತದಾ?
– ಗೃಹಿಣಿ, ಶಿವಮೊಗ್ಗ

ವಿಷ ಇಳಿಯುವುದಿಲ್ಲ. ಇಲಿಗೆ ಲಿಂಡೇನ್ ಜೊತೆ ವಿಟಮಿನ್ ಇ ಕೊಟ್ಟರೆ ಹಾನಿ ಕಡಿಮೆಯಾಗುತ್ತದೆ, ಹೌದು, ಅಂಥ ಪ್ರಯೋಗ ಬಹಳ ಆಗಿವೆ. ಆದರೆ ಅಲ್ಲಿ ವಿಷದ ಜೊತೆಯಲ್ಲೇ, ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. ಎಂದೋ ಮೈಗೆ ಸೇರಿದ ಡಿಡಿಇಯನ್ನು ವಿಟಮಿನ್ ಇ ಎಳೆದು ಹೊರಗೆ ಹಾಕುವುದಿಲ್ಲ. ಎಸ್‌ಒಡಿ ಮಾತ್ರೆ ಅಂತ ಮಾರುವುದನ್ನು ನೋಡಿದರೆ ನನಗೆ ನಗು ಬರುತ್ತದೆ. ಎಸ್‌ಒಡಿ ಒಂದು ಪ್ರೋಟೀನ್. ಹೊಟ್ಟೆಗೆ ಹೋದರೆ ಬೇಳೆಯ ಹಾಗೆ ಅದೂ ಜೀರ್ಣ.

ಜಾಸ್ತಿ ತಿಂದರೆ ಒಳ್ಳೆಯದೇ ಅಲ್ವಾ ಅನ್ನುವವರಿಗೆ: 1994ರಲ್ಲಿ ಫಿನ್‌ಲೆಂಡ್‌ನಲ್ಲಿ 29,000ಕ್ಕೂ ಹೆಚ್ಚು ಸಿಗರೇಟ್ ಸೇದುವ ಗಂಡಸರ ಮೇಲೆ ಮಾಡಿದ ಪರೀಕ್ಷೆಯ ಫಲಿತಾಂಶ ಬಂತು. ಬೀಟಾ ಕ್ಯಾರೋಟಿನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ನೂರಕ್ಕೆ 18ರಷ್ಟು ಹೆಚ್ಚಾಯಿತು. ಮುರುಗಲು ಪಾನಕ ಕುಡಿಯಿರಿ, ರುಚಿಗೆ, ಬಿಸಿಲಿಗೆ. ಸಕ್ಕರೆ ಕಡಿಮೆ ಹಾಕಿ.

ಮಗಳು ಬಾಣಂತಿ. ತಾಯಿ ಹಾಲಿನಲ್ಲಿ ಡಿಡಿಟಿ ಇರುತ್ತದೆ ಅಂತ ಯಾರೋ ಮೊಬೈಲಿನಲ್ಲಿ ಕಳಿಸಿದ್ದಾರೆ. ಹಾಲು ಬಿಡಿಸಲಾ?
– ಶಿಕಾರಿಪುರ

ಬಿಡಿಸಬೇಡಿ. ಇರುವುದು ನಿಜ. ತಾಯಿ ಹಾಲಿನಲ್ಲಿ ಕೊಬ್ಬು ಇದೆ, ಕೊಬ್ಬಿನ ಜೊತೆ ಡಿಡಿಇ ಬರುತ್ತದೆ. 1951ರಷ್ಟು ಹಿಂದೆಯೇ ಅಮೆರಿಕದಲ್ಲಿ ಇದನ್ನು ಅಳೆದಿದ್ದಾರೆ. ಆದರೂ ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಬದಲಾಗಿಲ್ಲ. ಹಾಲು ಬಿಡಿಸಿದರೆ ಮಗುವಿಗೆ ಆಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು. ಮತ್ತೆ ನೋಡಿ, ಎದೆಹಾಲಿನಲ್ಲಿ ಕೆಟಲೇಸ್, ಎಸ್‌ಒಡಿ ಕೂಡ ಇವೆ. ಡಬ್ಬಿ ಹಾಲಿನಲ್ಲಿ ಅವು ಎಲ್ಲಿಂದ ಬರಬೇಕು? ಮಗಳು ಸಣ್ಣಗಾಗಬೇಕು ಅಂತ ಈಗಲೇ ಊಟ ಬಿಡುವುದು ಮಾತ್ರ ಬೇಡ. ಮೈಯ ಕೊಬ್ಬು ಬೇಗ ಕರಗಿದರೆ ಅದರಲ್ಲಿ ಅಡಗಿದ್ದೂ ಹೊರಗೆ ಬರುತ್ತದೆ. ಹಾಗಂತ ನೀವು ಊಟಕ್ಕೊಂದು ಸೌಟು ತುಪ್ಪ ಸುರಿಯುವುದೂ ಬೇಡ, ಅಮ್ಮಾ.

ಕೊಳೆ ಔಷಧಿಯೂ ಇದೇ ಪಟ್ಟಿಯಲ್ಲಿ ಬರುತ್ತದಾ? ಬೋರ್ಡೋ ಹೊಡೆದು ಹೊಡೆದು ತೋಟದ ಮಣ್ಣಿಗೆ ಏನಾಗುತ್ತದೆ?
– ತೀರ್ಥಹಳ್ಳಿ

ಬರುವುದಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ಅಂದರೆ ಮೈಲುತುತ್ತ ಮತ್ತು ಸುಣ್ಣ, 100 ಲೀಟರ್ ನೀರಿಗೆ ಒಂದೊಂದು ಕೆಜಿ. ಕ್ಲೋರಿನ್ ವಿಷ ಅದರಲ್ಲಿಲ್ಲ. ಆದರೆ ತಾಮ್ರ ಇದೆ. ತಾಮ್ರ ಎಸ್‌ಒಡಿಗೆ ಬೇಕೇ ಬೇಕು. ಜಾಸ್ತಿಯಾದರೆ ಅದೇ ತಾಮ್ರ ಪೆರಾಕ್ಸೈಡ್ ಒಡೆದು ರ‍್ಯಾಡಿಕಲ್ ಹುಟ್ಟಿಸುತ್ತದೆ. ಅದು ಕೊಳೆತು ಮಾಯವಾಗುವ ವಸ್ತುವಲ್ಲ, ಮೇಲ್ಮಣ್ಣಿನಲ್ಲೇ ಕೂರುತ್ತದೆ. ಎರೆಹುಳಕ್ಕೆ ಕಷ್ಟ. ಮಣ್ಣು ಪರೀಕ್ಷೆ ಮಾಡಿಸುವಾಗ ತಾಮ್ರವನ್ನೂ ನೋಡಲು ಹೇಳಿ. ಸಾಧ್ಯವಾದ ಮರಗಳಲ್ಲಿ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಿಸಿದರೆ ಅಷ್ಟು ಔಷಧಿ ಉಳಿಯುತ್ತದೆ. ಕಟ್ಟುವ ಕೊನೆಗಾರರು ಸಿಗಬೇಕಲ್ಲ ಅಂತ ನೀವು ಕೇಳುತ್ತೀರಿ, ನನಗೂ ಸಿಗುತ್ತಿಲ್ಲ.

ಹೊಡೆಯುವ ದಿನ ಸುಣ್ಣ ಹೊಸದೇ ಇರಲಿ. ದ್ರಾವಣ ಆದ ಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಸುಡುತ್ತದೆ. ಸ್ವಲ್ಪ ಸುಣ್ಣದ ತಿಳಿ ಸೇರಿಸಿ ಮತ್ತೆ ಅದ್ದಿ ನೋಡಿ.